ನೀರೊಳಗಿನ ಗುಹೆಗೆ ಗೋಪ್ರೋ ಹೀರೋ 12: ಆಟೋ ಬಿಟ್ಟರೆ ಮಾತ್ರ ಒಳ್ಳೆಯ ಕ್ಯಾಮೆರಾ

ಗೋಪ್ರೋ ಹೀರೋ 12 ಬ್ಲ್ಯಾಕ್ ಗುಹೆ ಡೈವಿಂಗ್‌ಗೆ ಖಂಡಿತ ಆಗುತ್ತದೆ. ಆದರೆ ಡಬ್ಬಿಯಿಂದ ತೆಗೆದ ಹಾಗೆಯೇ ನೀರಿಗೆ ಒಯ್ದರೆ ಆಗುವುದಿಲ್ಲ. ಕತ್ತಲಲ್ಲಿ ಇದರ ಆಟೋ ವ್ಯವಸ್ಥೆಗಳೆಲ್ಲ ಒಂದೊಂದಾಗಿ ಕೈಕೊಡುತ್ತವೆ. ಹೌಸಿಂಗ್, ಅಂದರೆ ನೀರು ಹೋಗದ ಹೊರಪೆಟ್ಟಿಗೆ, ಮುಚ್ಚಿದ ಮೇಲೆ ಟಚ್ ಸ್ಕ್ರೀನ್ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಸೆಟ್ಟಿಂಗ್ ಎಲ್ಲವನ್ನೂ ದಡದಲ್ಲೇ ಮುಗಿಸಿಕೊಳ್ಳಬೇಕು.

ಈ ವಿಮರ್ಶೆ ಮುಖ್ಯವಾಗಿ ಮೆಕ್ಸಿಕೊದ ತುಲುಮ್ ಹತ್ತಿರದ ದೋಸ್ ಓಹೋಸ್ ಥರದ ಸೆನೋಟೆಗಳನ್ನು, ಅಂದರೆ ಸುಣ್ಣಕಲ್ಲು ಕುಸಿದು ಬಾಯ್ತೆರೆದ ನೀರಿನ ಗುಹೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಲ್ಲಿ ಜನ ಹೆಚ್ಚು ಓಡಾಡುವ ಹಾದಿಗಳ ಆಳ ಸುಮಾರು 10 ಮೀಟರ್. ನೀರಿನ ಉಷ್ಣತೆ 24–25 ಡಿಗ್ರಿ. ಬರಿ ಕ್ಯಾಮೆರಾ ತಡೆಯುವುದೂ 10 ಮೀಟರ್ ತಾನೇ, ಹೌಸಿಂಗ್ ಯಾಕೆ ಎಂದು ಕೇಳಬೇಡಿ. ಅದು ಮಿತಿಯ ಗೆರೆ, ಆ ಗೆರೆಯ ಮೇಲೇ ಈಜುವುದು ತಪ್ಪು. ಬ್ಯಾಟರಿ ಬಾಗಿಲಿನ ರಬ್ಬರಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಕಂಪನಿಯದೇ ಪಾರದರ್ಶಕ ಹೌಸಿಂಗ್ 60 ಮೀಟರ್‌ವರೆಗೆ ನಡೆಯುತ್ತದೆ. ಅದರೊಳಗೆ ಕೂರಿಸುವ ಮೊದಲು ಕ್ಯಾಮೆರಾದ ಮುಂದಿನ ಲೆನ್ಸ್ ಕವರ್ ತಿರುಗಿಸಿ ತೆಗೆಯಬೇಕು, ಇಲ್ಲವಾದರೆ ಅದು ಸರಿಯಾಗಿ ಕೂರುವುದಿಲ್ಲ. ಸೀಲಿನ ಮೇಲೆ ಬೆರಳಾಡಿಸಿ ಕೂದಲು, ನೂಲು, ಮರಳು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸೆಕೆಯ ಗಾಳಿಯಲ್ಲಿ ಮುಚ್ಚಿದರೆ ಒಳಗಿನ ತೇವ ತಂಪು ನೀರಿನಲ್ಲಿ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಆದ್ದರಿಂದ ಎಸಿ ಕೋಣೆಯಲ್ಲೇ ಮುಚ್ಚಿ, ತೇವ ಹೀರುವ ಪಟ್ಟಿಯೊಂದನ್ನು ಒಳಗಿಡಿ.

ಇನ್ನು ಸೆಟ್ಟಿಂಗ್. 1/1.9 ಇಂಚಿನ ಸೆನ್ಸರ್, ಎಫ್ 2.5 ಲೆನ್ಸ್: ಬಿಸಿಲಿಗೆ ಧಾರಾಳ, ಗುಹೆಗೆ ಬಿಗಿ. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್ಒ ಮಿತಿಯನ್ನು 6400ಕ್ಕೆ ಬಿಟ್ಟರೆ ಕ್ಯಾಮೆರಾ ಕಪ್ಪು ಮೂಲೆಯನ್ನು ಹಗಲು ಮಾಡಲು ಹೊರಡುತ್ತದೆ. ಫಲ ಬರೀ ಕಾಳುಕಾಳು. ಟಾರ್ಚ್ ಅತ್ತಿತ್ತ ಹೊರಳಿದಾಗಲೆಲ್ಲ ಚಿತ್ರ ಉಸಿರಾಡುವಂತೆ ಬೆಳಗಿ ಮಂಕಾಗುತ್ತದೆ. ಕನಿಷ್ಠ 100, ಗರಿಷ್ಠ 400 ಇಡಿ. ಬಂಡೆ ತೀರಾ ಕಪ್ಪಗಿದ್ದರೆ 800, ಅದಕ್ಕಿಂತ ಮೇಲೆ ಬೇಡ. 4ಕೆ, ಸೆಕೆಂಡಿಗೆ 30 ಫ್ರೇಮ್, ಶಟರ್ 1/60. ಬಣ್ಣದ ಹದ ಗೊತ್ತುಮಾಡುವ ವೈಟ್ ಬ್ಯಾಲೆನ್ಸ್ 5500ಕ್ಕೆ ಕಟ್ಟಿಹಾಕಿ, ಏಕೆಂದರೆ ಗುಹೆಯಲ್ಲಿ ಬಣ್ಣ ಕೊಡುವುದು ನಿಮ್ಮ ಲೈಟೇ. ಬಿಟ್‌ರೇಟ್ ಹೈ, ಶಾರ್ಪ್‌ನೆಸ್ ಲೋ, ಎಚ್‌ಡಿಆರ್ ಆಫ್.

ಹೈಪರ್‌ಸ್ಮೂತ್ ಎಂಬ ಅಲುಗಾಟ ತಡೆಯುವ ವ್ಯವಸ್ಥೆ ಈ ಕ್ಯಾಮೆರಾದ ಹೆಮ್ಮೆ, ನಿಜ. ಆದರೆ ಶಟರ್ ನಿಧಾನವಿದ್ದಾಗ ಒಂದೊಂದು ಫ್ರೇಮೂ ಆಗಲೇ ಕದಡಿರುತ್ತದೆ. ಚೌಕಟ್ಟನ್ನು ಸ್ಥಿರ ಮಾಡಿದಷ್ಟೂ ಆ ಕದಡು ಕಣ್ಣಿಗೆ ರಾಚುತ್ತದೆ. ಅದನ್ನು ಆಫ್ ಮಾಡಿ, ಕ್ಯಾಮೆರಾ ಕೂರಿಸುವ ಹಿಡಿಕೆಯ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು, ಕಪ್ಪೆಯಂತೆ ಕಾಲಾಡಿಸುವ ಫ್ರಾಗ್ ಕಿಕ್‌ನಲ್ಲಿ ನಿಧಾನವಾಗಿ ಸಾಗಿದರೆ ಚಿತ್ರ ತಾನಾಗಿ ನಿಲ್ಲುತ್ತದೆ. ನೇತ್ರಾಣಿಯಲ್ಲಿ ಕೆಂಪು ಫಿಲ್ಟರ್ ಹಾಕಿ ಮೀನು ಚಿತ್ರಿಸಿದವರು ಅದನ್ನು ಇಲ್ಲಿ ಮನೆಯಲ್ಲೇ ಬಿಡಿ. ಲೈಟಿನಲ್ಲಿ ಕೆಂಪು ಆಗಲೇ ಇದೆ, ಫಿಲ್ಟರ್ ಇರುವ ಬೆಳಕನ್ನೂ ನುಂಗುತ್ತದೆ.

ದುಡ್ಡು ಹಾಕಬೇಕಾದ್ದು ಲೈಟಿಗೆ. ಗುಹೆ ಡೈವರ್‌ಗಳ ಮುಖ್ಯ ಟಾರ್ಚಿನ ಕಿರಣ ಸಪೂರ. ದೂರದಲ್ಲಿ ಹೊರದಾರಿ ತೋರುವ ದಾರ, ಅಂದರೆ ಗೈಡ್‌ಲೈನ್ ನೋಡಲು, ಜೊತೆಗಾರನಿಗೆ ಸನ್ನೆ ಮಾಡಲು ಅದು ಬೇಕು, ಆದರೆ ವಿಡಿಯೊದಲ್ಲಿ ಅದು ನಡುವೆ ಸುಟ್ಟ ಬಿಳಿ ಬೊಟ್ಟು. 120 ಡಿಗ್ರಿ ಹರಡುವ, ತಲಾ 5000 ಲ್ಯೂಮೆನ್‌ಗೆ ಕಡಿಮೆಯಿಲ್ಲದ ಎರಡು ವಿಡಿಯೊ ಲೈಟು ತೆಗೆದುಕೊಳ್ಳಿ. ಕ್ಯಾಮೆರಾದಿಂದ ಆಚೀಚೆ ಒಂದು ಗೇಣಿಗಿಂತ ದೂರಕ್ಕೆ, ಲೆನ್ಸಿಗಿಂತ ತುಸು ಹಿಂದಕ್ಕೆ ಇಟ್ಟು, ಮೂತಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಇಲ್ಲದಿದ್ದರೆ ಲೆನ್ಸಿನ ಮುಂದಿನ ಪ್ರತಿ ಕಣವೂ ಹಿಮದಂತೆ ಹೊಳೆಯುತ್ತದೆ. ಗುಹೆಯಲ್ಲಿ ಈ ಕಣಗಳು ನೆಲದ ಹೂಳಿನಿಂದ ಮಾತ್ರ ಬರುವುದಿಲ್ಲ. ನಿಮ್ಮ ಉಸಿರಿನ ಗುಳ್ಳೆ ಚಾವಣಿಗೆ ಬಡಿದು ಅಲ್ಲಿಂದಲೂ ಪುಡಿ ಉದುರುತ್ತದೆ. ಬೇಕಾದ ದೃಶ್ಯವನ್ನು ಒಳಹೋಗುವಾಗಲೇ ಹಿಡಿಯಿರಿ, ಬರುವಾಗ ನೋಡೋಣ ಎಂದರೆ ಕೆಟ್ಟಿತು. ಇನ್ನೂ ಒಂದು ಲೈಟನ್ನು ಜೊತೆಗಾರನ ಬೆನ್ನ ಹಿಂದೆ ಆಚೆಗೆ ಮುಖಮಾಡಿ ಕಟ್ಟಿದರೆ ಕೋಣೆಯ ಆಳ ಆಗ ಕಾಣುತ್ತದೆ. ಸೆನೋಟೆಗಳ ಬಿಳಿ ಸುಣ್ಣಕಲ್ಲು ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಫ್ಲಾರಿಡಾದ ಗುಹೆಗಳಲ್ಲಿ ಕಂದು-ಕಪ್ಪು ಗೋಡೆಗಳಿದ್ದಲ್ಲಿ ಇದೇ ಲೈಟು ಅರ್ಧಕ್ಕೂ ಸಾಲದು.

ಸಿಹಿನೀರು ಉಪ್ಪುನೀರು ಸೇರುವ ಪದರ ಬಂದಾಗ ಚಿತ್ರವೆಲ್ಲ ಎಣ್ಣೆ ಬಳಿದಂತಾಗುತ್ತದೆ. ಅದು ಕ್ಯಾಮೆರಾದ ದೋಷವಲ್ಲ, ಇದರ ಫೋಕಸ್ ಹೇಗೂ ಸ್ಥಿರ. ಮುಂದೆ ಹೋದವನ ಫಿನ್ ಆ ಎರಡು ನೀರನ್ನು ಕಲಕಿರುತ್ತದೆ, ಅಷ್ಟೇ. ಚಿತ್ರ ತೆಗೆಯುವವನು ಮುಂದಿರಬೇಕು, ಇಲ್ಲವೇ ಪದರದ ಮೇಲೆ ಅಥವಾ ಕೆಳಗೆ ಪೂರ್ತಿ ಸರಿದುಬಿಡಬೇಕು.

ಎದೆಪಟ್ಟಿಯ ಮೌಂಟ್ ದಂಡ. ಗುಹೆಯಲ್ಲಿ ದೇಹ ಅಡ್ಡಡ್ಡ ಇರುವುದರಿಂದ ಅದು ನೆಲವನ್ನೇ ನೋಡುತ್ತದೆ. ಹೆಲ್ಮೆಟ್ ಮೌಂಟ್ ಪರವಾಗಿಲ್ಲ, ಆದರೆ ಗೋಪ್ರೋ ಮೌಂಟಿನ ಕವಲು ಮತ್ತು ತಿರುಪಿನ ನಡುವೆ ಗೈಡ್‌ಲೈನ್ ಸಿಕ್ಕಿಕೊಳ್ಳಬಹುದು, ಅದೂ ನಿಮ್ಮ ಕಣ್ಣಿಗೆ ಕಾಣದ ನೆತ್ತಿಯ ಮೇಲೆ. ಆ ಸಂದಿಗೆ ಟೇಪ್ ಸುತ್ತಿ. ಟ್ರೇಯನ್ನು ಮೈಗೆ ಸಿಕ್ಕಿಸುವ ಕೊಂಡಿಯಾದ ಬೋಲ್ಟ್ ಸ್ನ್ಯಾಪ್‌ಗೆ ಕಬ್ಬಿಣದ ಬಳೆಯಿಂದಲ್ಲ, ದಾರದಿಂದ ಕಟ್ಟಿ. ಸ್ನ್ಯಾಪ್ ಜಾಮ್ ಆದರೆ ದಾರ ಕತ್ತರಿಸಿ ಟ್ರೇ ಬಿಡಬಹುದು.

1720 ಎಂಎಎಚ್ ಎಂಡ್ಯೂರೋ ಬ್ಯಾಟರಿ ಒಂದು ಡೈವ್‌ಗೆ ಸಾಲಬೇಕೆಂದರೆ ಸತತ ರೆಕಾರ್ಡಿಂಗ್ ಬಿಡಿ. ಕ್ವಿಕ್‌ಕ್ಯಾಪ್ಚರ್ (ಒಂದೇ ಒತ್ತಿಗೆ ಕ್ಯಾಮೆರಾ ಎದ್ದು ರೆಕಾರ್ಡಿಂಗ್ ಶುರುಮಾಡುವ ಸೌಲಭ್ಯ) ಆನ್ ಮಾಡಿಟ್ಟು ಮೇಲಿನ ಒಂದೇ ಗುಂಡಿಯಿಂದ ತುಣುಕು ತುಣುಕಾಗಿ ಹಿಡಿಯಿರಿ. ವೈಫೈ, ಧ್ವನಿ ಆದೇಶ ಎರಡೂ ಆಫ್ ಇರಲಿ. ವಿಡಿಯೊ ಲೈಟನ್ನು ಗುಹೆಯ ನಿಯಮದ ಮೂರು ಟಾರ್ಚಿನ ಲೆಕ್ಕಕ್ಕೆ ಸೇರಿಸಲೇಬೇಡಿ, ಪೂರ್ತಿ ಬೆಳಕಿನಲ್ಲಿ ಅದು ಬೇಗ ಖಾಲಿಯಾಗುತ್ತದೆ. ಗಾಳಿಯ ಮೂರನೇ ಒಂದು ಭಾಗ ಮುಗಿದಾಗ ಎಂಥ ದೃಶ್ಯವಿದ್ದರೂ ಹಿಂತಿರುಗಲೇಬೇಕು. ಗುಹೆ ತರಬೇತಿ ಇಲ್ಲದವರು ಈ ಸೆಟ್ ಹಿಡಿದು ಹಗಲು ಬೆಳಕಿನ ಗಡಿ ದಾಟಬೇಡಿ. ಫ್ಲಾರಿಡಾದ ಜಿನ್ನಿ ಸ್ಪ್ರಿಂಗ್ಸ್‌ನ ಡೆವಿಲ್ಸ್ ಗುಹೆಯ ಕಡೆ ಅಂಥವರಿಗೆ ಟಾರ್ಚನ್ನೇ ಬಿಡುವುದಿಲ್ಲ. ಕೈಯಲ್ಲಿ ಬೆಳಕಿದ್ದರೆ ಕಾಲು ಒಳಗೆ ಎಳೆಯುತ್ತದೆ ಎಂಬುದು ಅವರಿಗೆ ಗೊತ್ತು.

ಹೊಸದಾಗಿ ಕೊಳ್ಳುವವರು, ಅದೂ ಗುಹೆಗೆಂದೇ ಕೊಳ್ಳುವವರು, ಡಿಜೆಐ ಓಸ್ಮೋ ಆ್ಯಕ್ಷನ್ 5 ಪ್ರೋ ಕಡೆ ನೋಡಿ. 1/1.3 ಇಂಚಿನ ಸೆನ್ಸರ್, ಬರಿ ಮೈಯಲ್ಲೇ 20 ಮೀಟರ್. ಹೀರೋ 12 ಈಗಾಗಲೇ ಕೈಯಲ್ಲಿದ್ದರೆ ಅದನ್ನು ಮಾರಬೇಡಿ, ಹೊಸ ಕ್ಯಾಮೆರಾಕ್ಕೆ ಹಾಕುವ ದುಡ್ಡಿಗೆ ಎರಡನೇ ಲೈಟು ಬರುತ್ತದೆ.