ಕಾಸರಗೋಡಲ್ಲಿ ಇಂಡೋರ್ ಸೈಕ್ಲಿಂಗ್ ಕ್ಲಾಸ್: ಹೊಸ ಟ್ರೈನರ್ ಬಂದ ಮೇಲೆ ಹೇಗುಂಟು?

ಹೊಸ ಬಸ್ ಸ್ಟ್ಯಾಂಡ್ ಹತ್ರದ ಜಿಮ್ಮಲ್ಲಿ ಸಂಜೆ ನಡೆಯುವ ಸ್ಪಿನ್ ಕ್ಲಾಸ್ (ನಿಂತಲ್ಲೇ ಇರುವ ಸೈಕಲನ್ನು ಪದ್ಯಕ್ಕೆ ಸರಿಯಾಗಿ ಒಟ್ಟಿಗೆ ತುಳಿಯುವ ಕ್ಲಾಸ್) ಬಗ್ಗೆ ಸುಮಾರು ಜನ ಕೇಳ್ತಾ ಇದ್ದಾರೆ, ಹಾಗಾಗಿ ಬರೀತಿದ್ದೇನೆ. ಈಗ ಧೈರ್ಯವಾಗಿ ಸೇರ್ಬಹುದು. ಮೊದ್ಲು ಲೈಟ್ ಆಫ್ ಮಾಡಿ ಪದ್ಯ ಜೋರು ಇಟ್ಟು "ಫಾಸ್ಟ್ ಫಾಸ್ಟ್" ಅಂತ ಬೊಬ್ಬೆ ಹಾಕುವುದು ಬಿಟ್ರೆ ಎಂತದೂ ಇರ್ಲಿಲ್ಲ, ಅರ್ಧ ಸೈಕಲ್ ಖಾಲಿ ಇರ್ತಿತ್ತು.

ಹೊಸ ಟ್ರೈನರ್ ಹುಡುಗಿ ಮೊದ್ಲು ನೋಡುವುದೇ ಸೀಟು. ನಮ್ಮನ್ನು ಸೈಕಲ್ ಪಕ್ಕ ನಿಲ್ಲಿಸಿ ಸೊಂಟದ ಎಲುಬಿನ ಲೆವೆಲಿಗೆ ಸೀಟು ತಂದು, ಮತ್ತೆ ಹತ್ತಿಸಿ, ಪೆಡಲ್ ಕೆಳಗೆ ಬಂದಾಗ ಮೊಣಕಾಲು ಚೂರು ಬಗ್ಗಿರ್ಬೇಕು ಅಂತ ಬಗ್ಗಿ ಕೂತು ನೋಡ್ತಾಳೆ. "ಅಕ್ಕಾ, ಸೀಟು ತೀರ ಕೆಳಗಿದ್ರೆ ನಾಳೆ ಮೊಣಕಾಲಿನ ಎದುರು ನೋವಾಗ್ತದೆ" ಅಂತಾಳೆ. ಈ ಸೈಕಲಲ್ಲಿ ಕಾಲು ನಿಲ್ಲಿಸಿದ್ರೂ ಪೆಡಲ್ ತಿರುಗ್ತಾನೇ ಇರ್ತದೆ, ನಿಲ್ಲಿಸ್ಲಿಕ್ಕೆ, ಪೆಡಲಿನ ಬಿಗಿ ಹೆಚ್ಚು ಕಡಿಮೆ ಮಾಡುವ ನಾಬನ್ನೇ ಒತ್ಬೇಕು, ಅದನ್ನೂ ಮೊದ್ಲೇ ಕಲಿಸ್ತಾಳೆ.

ಆಮೇಲೆ ಕ್ಲಾಸ್ ಪೂರ್ತಿ ಮನಸ್ಸಲ್ಲೇ ಹೋಗುವ ಒಂದು ದಾರಿ. ಪ್ರೆಸ್ ಕ್ಲಬ್ ಜಂಕ್ಷನಿಂದ ಹೊರಟು ಚಂದ್ರಗಿರಿ ಸೇತುವೆ ಮೇಲೆ ಸಮತಟ್ಟು ಸ್ಪೀಡು, ಹೊಳೆ ದಾಟಿದ ಮೇಲೆ ಕೋಟೆ ಗುಡ್ಡೆಯ ಏರು, ಮತ್ತೆ ಉದುಮ ಕಳೆದು ಬೇಕಲದ ವರೆಗೆ. ನಮಗೆಲ್ಲ ಗೊತ್ತಿರುವ ರೋಡು, ಹಾಗಾಗಿ ಏರು ಎಷ್ಟೊತ್ತು, ಎಲ್ಲಿ ಉಸಿರು ತಗೊಳ್ಬಹುದು ಅಂತ ಮನಸ್ಸಿಗೆ ಮೊದ್ಲೇ ಅಂದಾಜು ಸಿಗ್ತದೆ. ಪದ್ಯವನ್ನೂ ಅದಕ್ಕೆ ಸರಿಯಾಗಿ ಆರಿಸ್ತಾಳೆ, ಅದೇ ನನಗೆ ಭಾರೀ ಇಷ್ಟ ಆದದ್ದು: ಒಂದು ಬೀಟಿಗೆ ಒಂದು ಕಾಲು, ಅಂದ್ರೆ ನಿಮಿಷಕ್ಕೆ 128 ಬೀಟಿನ ಪದ್ಯಕ್ಕೆ ಪೆಡಲ್ 64 ಸುತ್ತು, ಇದು ಏರಿಗೆ, 170ರದ್ದಕ್ಕೆ 85, ಅದು ಸಮತಟ್ಟಿಗೆ. 110 ಸುತ್ತು ದಾಟಿ ಸೀಟಲ್ಲಿ ಕುಣಿಯುವವ್ರು ಕಂಡ್ರೆ "ನಾಬ್ ಚೂರು ಟೈಟ್ ಮಾಡಿ" ಅಂತಾಳೆ.

ಅವಳು ತನ್ನ ಸೈಕಲಲ್ಲೇ ಕೂತಿರುವುದಿಲ್ಲ, ಇಳಿದು ಸಾಲಿನ ಮಧ್ಯ ನಡೀತಾಳೆ, ಕನ್ನಡ, ಮಲಯಾಳ, ತುಳು, ಯಾರಿಗೆ ಯಾವುದು ಬೇಕೋ ಅದ್ರಲ್ಲಿ ಮಾತಾಡ್ತಾಳೆ. ಯಾರ ಮಷಿನಿನ ನಂಬ್ರವನ್ನೂ ಜೋರಾಗಿ ಓದುವುದಿಲ್ಲ. "ಹತ್ತರಲ್ಲಿ ಆರು ಕಷ್ಟ, ಒಂದು ವಾಕ್ಯ ಮಾತಾಡ್ಲಿಕ್ಕೆ ಆಗ್ಬೇಕು, ಇನ್ನು ಮೂವತ್ತು ಸೆಕೆಂಡು" ಇಷ್ಟೇ. ಕಾಲೇಜು ಹುಡುಗನಿಗೆ ಅವನ ಆರು, ರಿಟೈರ್ ಆದ ಮಾಷ್ಟ್ರಿಗೆ ಅವರ ಆರು, ಹಾಗಾಗಿ ಯಾರೂ ಮಧ್ಯದಲ್ಲಿ ಇಳಿದು ಹೋಗುವುದಿಲ್ಲ. ಹೊಸದಾಗಿ ಕಲಿಸ್ಲಿಕ್ಕೆ ಹೊರಟವ್ರು ಒಮ್ಮೆ ಬಂದು ನೋಡ್ಬೇಕು ಇದನ್ನು.

ಜಿಮ್ಮಿನವ್ರು ಸರಿ ಮಾಡ್ಬೇಕಾದ್ದು ಉಂಟು. ಮೈಕ್ ಆಗಾಗ ಕೈಕೊಡ್ತದೆ, ಪಾಪ ಅವಳ ಗಂಟಲು ಹೋಗ್ತದೆ. ಹಿಂದಿನ ಸಾಲಿಗೆ ಫ್ಯಾನ್ ಗಾಳಿ ಬರುವುದಿಲ್ಲ, ನಮ್ಮ ಕರಾವಳಿಯ ಸೆಕೆಗೆ ಅದು ಸಣ್ಣ ವಿಷಯ ಅಲ್ಲ. ಎಲ್ಲಕ್ಕಿಂತ ಮುಖ್ಯ, ಝುಂಬಾ ಬ್ಯಾಚಿನವ್ರು ಬಾಗಿಲಲ್ಲಿ ಕಾಯ್ತಾ ಇರ್ತಾರೆ ಅಂತ ಕೂಲ್ ಡೌನ್ (ಕೊನೆಗೆ ನಿಧಾನ ತುಳಿದು ಮೈ ತಣಿಸುವುದು) ಎರಡೇ ನಿಮಿಷಕ್ಕೆ ಮುಗಿಸ್ಬೇಕಾಗ್ತದೆ. ಜೋರು ಓಡಿಸಿ ತಕ್ಷಣ ನಿಲ್ಲಿಸಿದ್ರೆ ರಕ್ತ ಕಾಲಲ್ಲೇ ನಿಂತು ತಲೆ ತಿರುಗ್ಬಹುದು. ಎರಡು ಬ್ಯಾಚಿನ ಮಧ್ಯ ಹತ್ತು ನಿಮಿಷ ಬಿಡಿ ಅಂತ ರಿಸೆಪ್ಶನಲ್ಲಿ ನಾನು ಹೇಳಿದ್ದೇನೆ, ಸೇರುವವ್ರು ನೀವೂ ಹೇಳಿ.