ನೆಟ್ ಮೀಟರ್ ಬರುವ ಮೊದಲೇ ಸೋಲಾರ್ ಆನ್ ಮಾಡಿಸಬೇಡಿ

ಚಿತ್ರದುರ್ಗದ ನಮ್ಮ ಮನೆ ತಾರಸಿಯಿಂದ ನೋಡಿದರೆ ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಗಾಳಿ ನಮ್ಮ ಕೈಗೆ ಎಟುಕುವುದಲ್ಲ, ಬಿಸಿಲಿಗೇನು ಬರ ಅಂತ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ತಿಂಗಳಿಗೆ 240 ಯೂನಿಟ್ ಆಗುತ್ತಿತ್ತು. 200 ದಾಟಿದ್ದರಿಂದ ಗೃಹಜ್ಯೋತಿಯೂ ಇಲ್ಲ.

ಪ್ಯಾನೆಲ್ ಕೂರಿಸಿದ ಮರುದಿನವೇ ಕಂಟ್ರಾಕ್ಟರ್, "ಆನ್ ಮಾಡಿಬಿಡೋಣ ಸರ್, ನೆಟ್ ಮೀಟರ್ ಆಮೇಲೆ ಬರುತ್ತೆ. ಸುಮ್ನೆ ಯಾಕೆ ಬಿಸಿಲು ದಂಡ?" ಅಂದ. ನೆಟ್ ಮೀಟರ್ ಅಂದರೆ ಲೈನಿಂದ ನಾವು ತಗೊಂಡ ಕರೆಂಟನ್ನೂ ಲೈನಿಗೆ ಕೊಟ್ಟ ಕರೆಂಟನ್ನೂ ಬೇರೆ ಬೇರೆ ಎಣಿಸುವ ಮೀಟರ್. ಅವನು ಇನ್ವರ್ಟರ್ ಮೇಲೆ ಅಂಕಿ ಏರುವುದನ್ನು ತೋರಿಸಿ ಬಾಕಿ ದುಡ್ಡು ಇಸ್ಕೊಂಡು ಹೋದ. ಅವನ ಅವಸರ ಅದಕ್ಕೇ ಅಂತ ನನಗೆ ಹೊಳೆಯಲಿಲ್ಲ.

ಮುಂದಿನ ಬಿಲ್ 420 ಯೂನಿಟ್!

ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಗುಟ್ಟು ಬಿಡಿಸಿದ್ದು ಪರಿಚಯದ ಎಲೆಕ್ಟ್ರಿಷಿಯನ್. ಮಟಮಟ ಮಧ್ಯಾಹ್ನ ಮನೆಯ ಫ್ಯಾನು, ಫ್ರಿಜ್ಜು ಎಲ್ಲ ಆಫ್ ಮಾಡಿಸಿ ಮೀಟರ್ ತೋರಿಸಿದರು. ಒಂದು ಬಲ್ಬೂ ಉರಿಯುತ್ತಿಲ್ಲ, ಮೀಟರಿನ ಕೆಂಪು ದೀಪ ಮಾತ್ರ ಪಟಪಟ ಮಿಟುಕುತ್ತಿದೆ. ಹಳೆ ಡಿಜಿಟಲ್ ಮೀಟರ್‌ಗಳಲ್ಲಿ ಎಷ್ಟೋ ಮೀಟರ್‌ಗಳಿಗೆ ಕರೆಂಟ್ ಒಳಗೆ ಬಂತೋ ಹೊರಗೆ ಹೋಯಿತೋ ಗೊತ್ತಾಗುವುದಿಲ್ಲವಂತೆ. ಹರಿದದ್ದನ್ನೆಲ್ಲ ನಾವು ಬಳಸಿದ್ದು ಅಂತಲೇ ಎಣಿಸುತ್ತವೆ. ದಿನಕ್ಕೆ ಸುಮಾರು 12 ಯೂನಿಟ್ ಬೆಳೆಯುತ್ತಿದ್ದೆ. ಹಗಲಲ್ಲಿ ಮನೆಗೆ 3 ಸಾಕು, ಉಳಿದ 9 ಲೈನಿಗೆ. ರಾತ್ರಿ ತಗೊಂಡ 5ಕ್ಕೆ ಆ 9 ಸೇರಿಸಿ ಲೆಕ್ಕ. ನಾನೇ ಕೊಟ್ಟ ಕರೆಂಟಿಗೆ ನಾನೇ ದುಡ್ಡು ಕಟ್ಟಿದೆ!

ದೂರು ಕೊಡಲು ಕರೆಂಟ್ ಆಫೀಸಿಗೆ ಹೋದರೆ ಅಲ್ಲಿ ಬೇರೆ ಮಂಗಳಾರತಿ. ಅನುಮತಿ ಇಲ್ಲದೆ ಲೈನಿಗೆ ಕರೆಂಟ್ ಬಿಟ್ಟಿದ್ದು ನನ್ನದೇ ತಪ್ಪು, ಅಲ್ವಾ? ಅರ್ಜಿ, ತಪಾಸಣೆ, ನೆಟ್ ಮೀಟರ್, ಆಮೇಲೆ ಸ್ವಿಚ್. ಕ್ರಮ ಇದೇ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ನಮ್ಮ ಖಾತೆಗೆ ಬೀಳುವುದೂ ಇದೆಲ್ಲ ಮುಗಿದ ಮೇಲೆಯೇ. ಕಂಟ್ರಾಕ್ಟರ್‌ಗೆ ಕೊನೆ ಕಂತು ಅಲ್ಲಿವರೆಗೆ ಕೊಡಬೇಡಿ.

ಅವನು ಹೇಳದೆ ಬಿಟ್ಟದ್ದು ಇನ್ನೊಂದಿದೆ. ಬ್ಯಾಟರಿ ಇಲ್ಲದ ಈ ಸೋಲಾರ್, ಲೈನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ನ್ಯಾಯವೇ. ಆದರೆ ಕರೆಂಟ್ ಹೋದಾಗ ಆಗುತ್ತೆ ಅಂತ ನಂಬಿ ಹಳೆ ಯುಪಿಎಸ್ ಮಾರಿಬಿಟ್ಟಿದ್ದೆ.

ಈಗ ನೆಟ್ ಮೀಟರ್ ಬಂದಿದೆ, ಬಿಲ್ಲಿನಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್ ಬೇರೆ ಬೇರೆ ಕಾಣುತ್ತದೆ. ಆ 420ರ ದುಡ್ಡು ಮಾತ್ರ ವಾಪಸ್ ಬಂದಿಲ್ಲ.