ಬ್ಯಾಡ್ ನ್ಯೂಸ್ ಗೇಮ್: ಅಪ್ಪನ ಜೊತೆ ಕೂತು ಆಡಿದ್ಮೇಲೆ ಅನ್ಸಿದ್ದು

ಹೋದ ತಿಂಗಳು ತುಮಕೂರಿಗೆ ಹೋದಾಗ ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬ್ಯಾಡ್ ನ್ಯೂಸ್ ಅನ್ನೋ ಗೇಮ್ ಆಡ್ದೆ. ಇನ್‌ಸ್ಟಾಲ್ ಮಾಡೋದೇನಿಲ್ಲ, ಬ್ರೌಸರ್‌ನಲ್ಲೇ ಓಪನ್ ಆಗತ್ತೆ, ಫ್ರೀ, ಹದಿನೈದಿಪ್ಪತ್ತು ನಿಮಿಷಕ್ಕೆ ಮುಗಿಯತ್ತೆ. ಕೇಂಬ್ರಿಡ್ಜ್ ಯೂನಿವರ್ಸಿಟಿಯ ಸಂಶೋಧಕರು ಒಂದು ಡಚ್ ತಂಡದ ಜೊತೆ ಸೇರಿ 2018ರಲ್ಲಿ ಬಿಟ್ಟಿದ್ದು.

ಇದ್ರಲ್ಲಿ ಸುಳ್ಳು ಸುದ್ದಿ ಹಬ್ಬಿಸೋರು ನಾವೇ. ಚಾಟ್ ಥರ ಸ್ಕ್ರೀನ್ ಬರತ್ತೆ, ಏನು ಪೋಸ್ಟ್ ಮಾಡ್ಬೇಕು ಅಂತ ನಾವೇ ಆರಿಸ್ಬೇಕು, ಫಾಲೋವರ್ಸ್ ಎಷ್ಟಾದ್ರು, ಜನ ಎಷ್ಟು ನಂಬ್ತಿದಾರೆ ಅಂತ ಎರಡೂ ಮೀಟರ್ ಕಾಣ್ತಿರತ್ತೆ. ತೀರಾ ಅತಿ ಸುಳ್ಳು ಬಿಟ್ರೆ ನಂಬಿಕೆ ಇಳಿಯತ್ತೆ. ಒಟ್ಟು 6 ಬ್ಯಾಡ್ಜ್, ಒಂದೊಂದು ತಂತ್ರ ಕಲಿತಾಗ ಒಂದೊಂದು ಸಿಗತ್ತೆ: ಬೇರೆಯವರ ಹೆಸರಲ್ಲಿ ಅಕೌಂಟ್ ಮಾಡೋದು, ಭಾವನೆ ಕೆರಳಿಸೋದು, ಜನರನ್ನ ಎರಡು ಪಾಲು ಮಾಡೋದು, ಪಿತೂರಿ ಕತೆ ಕಟ್ಟೋದು, ತಪ್ಪು ತೋರಿಸಿದವ್ರ ಮೇಲೇ ಕೆಸರು ಎರಚೋದು, ಆಮೇಲೆ ಟ್ರೋಲಿಂಗ್. ಲಸಿಕೆ ಥರಾನೇ ಇದು, ದುರ್ಬಲ ಮಾಡಿದ ರೋಗಾಣು ಮೊದ್ಲೇ ಕೊಟ್ರೆ ನಿಜವಾದ್ದು ಬಂದಾಗ ತಡೆಯೋ ಶಕ್ತಿ ಇರತ್ತೆ ಅಂತ. 1960ರ ದಶಕದಲ್ಲೇ ವಿಲಿಯಂ ಮೆಕ್‌ಗ್ವೈರ್ ಅನ್ನೋ ಮನಃಶಾಸ್ತ್ರಜ್ಞ ಹೇಳಿದ್ದ ವಿಚಾರ.

ಮೊದಲ ಬ್ಯಾಡ್ಜ್‌ಗೆ ಅಮೆರಿಕಾ ಅಧ್ಯಕ್ಷರ ಹೆಸರಲ್ಲಿ ಉತ್ತರ ಕೊರಿಯಾ ಮೇಲೆ ಯುದ್ಧ ಸಾರಿದ್ವಿ. ಫೋಟೋ ಅದೇ, ಅಕೌಂಟ್ ಹೆಸರು ಮಾತ್ರ ಚೂರೇ ಚೂರು ಬೇರೆ. ಅಪ್ಪ ಕನ್ನಡಕ ಹಣೆ ಮೇಲೇರಿಸಿ ಫೋನನ್ನ ಮೂಗಿನ ಹತ್ರ ತಂದ್ಕೊಂಡು ಒಂದೊಂದೇ ಅಕ್ಷರ ಓದಿದ್ರು, ಗೊತ್ತಾದ ತಕ್ಷಣ "ಅಲ್ಲ ಕಣಮ್ಮ, ಇಷ್ಟು ಸಲೀಸಾ ಇದು?" ಅಂದ್ರು. ನಾನು ವರ್ಷಗಟ್ಟಲೆ ಫ್ಯಾಮಿಲಿ ಗ್ರೂಪಲ್ಲಿ ಫ್ಯಾಕ್ಟ್‌ಚೆಕ್ ಲಿಂಕ್ ಹಾಕಿ ಹಾಕಿ ಆಗದೇ ಇದ್ದದ್ದು ಆ ಒಂದು ನಿಮಿಷದಲ್ಲಿ ಆಯ್ತು, ಅದಕ್ಕೇ ಈ ಗೇಮ್ ನಂಗೆ ಇಷ್ಟ.

ಇದು ಬರೀ ಆಟ ಅಲ್ಲ, ಪ್ರಯೋಗಾನೂ ಹೌದು. ಆಡೋಕ್ ಮುಂಚೆ, ಆಡಿದ್ಮೇಲೆ ಕೆಲವು ಟ್ವೀಟ್ ತೋರಿಸಿ ಎಷ್ಟು ನಂಬ್ತೀರಿ ಅಂತ ಕೇಳಿ ಸುಮಾರು 15,000 ಜನರ ಉತ್ತರಗಳ ಮೇಲೆ 2019ರಲ್ಲಿ ಪೇಪರ್ ಬಂತು, ಆಡಿದ್ಮೇಲೆ ಸುಳ್ಳು ಟ್ವೀಟ್ ಮೇಲಿನ ನಂಬಿಕೆ ಕಮ್ಮಿ ಆಗಿತ್ತು. ಅದ್ರಲ್ಲಿ ಹೋಲಿಸಿ ನೋಡೋಕೆ ಗೇಮ್ ಆಡದೇ ಇರೋರ ಗುಂಪು ಇರ್ಲಿಲ್ಲ, ಮುಂದಿನ ವರ್ಷ ಹಾಗೊಂದು ಗುಂಪನ್ನೂ ಇಟ್ಕೊಂಡು ಮಾಡಿದ್ರು, ಆಗ್ಲೂ ಪರಿಣಾಮ ಕಾಣಿಸ್ತು.

ಆದ್ರೆ ನಮ್ಮನೇಲಿ ಇನ್ನೊಂದು ಆಯ್ತು. ಎರಡು ದಿನ ಬಿಟ್ಟು ಬೀದಿ ಗ್ರೂಪಲ್ಲಿ ನಾಳೆ ನೀರು ಬರಲ್ಲ ಅಂತ ಮೆಸೇಜ್ ಬಂತು, ಅಪ್ಪ ಇದೂ ಸುಳ್ಳೇ ಅಂತ ಸಂಪ್ ತುಂಬಿಸ್ಕೊಳ್ಲಿಲ್ಲ, ಅದು ನಿಜವಾಗಿತ್ತು, ಮೂರು ದಿನ ಅಮ್ಮ ಪಕ್ಕದ ಮನೆಯಿಂದ ಬಿಂದಿಗೇಲಿ ನೀರು ತಂದ್ರು. 2023ರಲ್ಲಿ ಬೇರೆ ಸಂಶೋಧಕರು ಇಂಥ ಗೇಮ್‌ಗಳ ಡೇಟಾನ ಮತ್ತೆ ಲೆಕ್ಕ ಹಾಕಿ ಹೇಳಿದ್ದೂ ಇದನ್ನೇ, ಜನ ನಿಜ ಸುಳ್ಳು ಬೇರೆ ಮಾಡೋದು ಕಲೀತಿಲ್ಲ, ಎಲ್ಲಾದ್ರ ಮೇಲೂ ಅನುಮಾನ ಪಡೋದು ಜಾಸ್ತಿ ಆಗ್ತಿದೆ ಅಂತ. ಹಾಗಾಗಿ ಆಡಿಸಿದ್ಮೇಲೆ ಒಂದಷ್ಟು ನಿಜವಾದ ಸುದ್ದೀನೂ ತೋರ್ಸಿ, ಇದನ್ನ ಯಾಕೆ ನಂಬಬಹುದು ಅಂತ ಕೂತು ಮಾತಾಡ್ಲೇಬೇಕು.

ನಮ್ಮ ದೇಶದ ಮಾತು ಬೇರೇನೇ. 2019ರ ಚುನಾವಣೆ ಟೈಮಲ್ಲಿ ಸುಮಿತ್ರಾ ಬದ್ರಿನಾಥನ್ ಅನ್ನೋ ಸಂಶೋಧಕಿ ಬಿಹಾರದಲ್ಲಿ 1,200ಕ್ಕೂ ಹೆಚ್ಚು ಜನರ ಜೊತೆ ಪ್ರಯೋಗ ಮಾಡಿದ್ರು, ಮನೆಗೇ ಹೋಗಿ ಸುಳ್ಳು ಸುದ್ದಿ ಗುರುತಿಸೋದು ಹೇಗೆ ಅಂತ ಸುಮಾರು ಒಂದು ಗಂಟೆ ಟ್ರೈನಿಂಗ್ ಕೊಟ್ರೂ ಒಟ್ಟಾರೆ ಬದಲಾವಣೆ ಕಾಣ್ಲಿಲ್ಲ. ಉತ್ತರ ಭಾರತದಲ್ಲಿ ಇದೇ ಥರದ ಒಂದು ಗೇಮ್ ಆಡಿಸಿದಾಗ್ಲೂ ಅಷ್ಟೇ. ನಂಗನ್ಸೋದು, ಬ್ಯಾಡ್ ನ್ಯೂಸ್‌ನಲ್ಲಿ ಸುಳ್ಳು ಬರೋದು ಅಪರಿಚಿತ ಟ್ವಿಟರ್ ಅಕೌಂಟಿಂದ, ನಮಗೆ ಬರೋದು ಚಿಕ್ಕಪ್ಪನಿಂದ, ಜೊತೆಗೆ ಓದಿದವ್ರಿಂದ, ಅದೂ ವಾಯ್ಸ್ ನೋಟಲ್ಲಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅಂತ ಹಬ್ಬಿದ ವಾಟ್ಸಾಪ್ ಮೆಸೇಜ್‌ಗಳಿಂದ ಬೆಂಗಳೂರಿನ ಚಾಮರಾಜಪೇಟೆಲಿ ಒಬ್ರು, ಬೀದರ್ ಜಿಲ್ಲೆಯ ಮುರ್ಕಿಲಿ ಒಬ್ರು ಪ್ರಾಣ ಕಳ್ಕೊಂಡ್ರಲ್ಲ, ಆ ಮೆಸೇಜ್‌ಗಳು ಕೈಯಿಂದ ಕೈಗೆ ಹೋಗಿದ್ದು ಗೊತ್ತಿರೋರ ಗ್ರೂಪ್‌ಗಳಲ್ಲೇ. ಅದೇ ವರ್ಷ ಭಾರತದಲ್ಲಿ ಒಂದ್ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಲಿಮಿಟ್ ಬಂತು. ಮಾವ ಕಳಿಸಿದ ವಾಯ್ಸ್ ನೋಟ್ ಬಗ್ಗೆ ಕನ್ನಡದಲ್ಲಿ ಇಂಥ ಒಂದು ಗೇಮ್ ಯಾರಾದ್ರೂ ಮಾಡಿದ್ರೆ ನಾನೇ ಮೊದ್ಲು ಆಡ್ತೀನಿ.

ನಾನು ಆಡಿದ್ದು ಇಂಗ್ಲಿಷಲ್ಲಿ, ಪ್ರತಿ ಸಾಲನ್ನೂ ಅಪ್ಪನಿಗೆ ಕನ್ನಡಕ್ಕೆ ಮಾಡಿ ಹೇಳ್ದೆ, ಅದ್ರಿಂದ ಮುಕ್ಕಾಲು ಗಂಟೆ ಹಿಡೀತು. 5ಕ್ಕೆ 4 ಕೊಡ್ತೀನಿ. ಮಧ್ಯೆ ಮಧ್ಯೆ ನೆನಪು ಮಾಡದೇ ಇದ್ರೆ ಎರಡು ತಿಂಗಳಲ್ಲಿ ಇದರ ಪರಿಣಾಮ ಇಳಿಯತ್ತೆ ಅಂತಾನೂ ಇನ್ನೊಂದು ಪ್ರಯೋಗದಲ್ಲಿ ಗೊತ್ತಾಗಿದೆ, ಹಬ್ಬಕ್ಕೆ ಹೋದಾಗ ಮತ್ತೆ ಆಡಿಸ್ಬೇಕು, ಈ ಸಲ ದೊಡ್ಡಪ್ಪನ್ನೂ ಕರೀತೀನಿ ಅಂತ ಅಪ್ಪಾನೇ ಹೇಳಿದಾರೆ.